ಕೈ ಕುದುರಿದ್ದನ್ನು ಅಳೆಯೋದು ಹೇಗೆ?

ಅಜ್ಜಿ ಸೂಜಿಗೆ ದಾರ ಪೋಣಿಸಲು ಮೊಮ್ಮಗಳನ್ನು ಕೂಗಿದರೆ, ಕಣ್ಣು ಮಂಜಾಗಿದೆ ಅಂತ ಸುಮ್ಮನಾಗುತ್ತೇವೆ. ಅದರಲ್ಲಿ ಕಣ್ಣಿನ ಪಾಲೆಷ್ಟು, ಕೈಯ ಪಾಲೆಷ್ಟು?

ಈ ಪ್ರಶ್ನೆಯ ಬೆನ್ನು ಹತ್ತಿದವರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ವುಡ್‌ವರ್ತ್ ಮೊದಲಿಗರ ಸಾಲಿನವರು. 1899ರಲ್ಲಿ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ. ತಿರುಗುವ ಡ್ರಮ್ಮಿಗೆ ಕಾಗದ ಸುತ್ತಿ, ಮೆಟ್ರೋನೋಮ್ ಎಂಬ ತಾಳದ ಯಂತ್ರದ ಬಡಿತಕ್ಕೆ ಸರಿಯಾಗಿ ಜನರಿಂದ ಪೆನ್ಸಿಲ್ ಗೆರೆ ಎಳೆಸಿದರು, ಒಮ್ಮೆ ಕಣ್ಣು ಬಿಟ್ಟು, ಒಮ್ಮೆ ಮುಚ್ಚಿ. ನಿಧಾನವಾಗಿ ಎಳೆದಾಗ ಕಣ್ಣು ಬಿಟ್ಟವರ ಗೆರೆ ಎಷ್ಟೋ ಸರಿಯಾಗಿತ್ತು. ವೇಗ ಏರಿದಂತೆ ಆ ಲಾಭ ಕರಗುತ್ತಾ ಹೋಗಿ, ಕೊನೆಗೆ ಕಣ್ಣು ಮುಚ್ಚಿದರೂ ಬಿಟ್ಟರೂ ತಪ್ಪು ಒಂದೇ ಆಯಿತು! ಅಂದರೆ ಕೈ ಮೊದಲು ಒಂದು ಎಸೆತದಂತೆ ಮುಂದೆ ಹೋಗುತ್ತದೆ, ಗುರಿ ಹತ್ತಿರವಾದಾಗ ಕಣ್ಣು ನೋಡಿ ತಿದ್ದುತ್ತದೆ. ತೀರಾ ಅವಸರದಲ್ಲಿ ತಿದ್ದಲು ಸಮಯವೇ ಇರುವುದಿಲ್ಲ. ಇಷ್ಟು ಸರಳ ಸಾಧನದಲ್ಲಿ ಇಷ್ಟು ದೊಡ್ಡ ವಿಷಯ ಸಿಕ್ಕಿದ್ದು ನನಗೆ ಇವತ್ತಿಗೂ ಬೆರಗು.

1954ರಲ್ಲಿ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ ಇದಕ್ಕೆ ಲೆಕ್ಕ ಕೊಟ್ಟರು. ಗುರಿಯ ಅಗಲ ಅರ್ಧಕ್ಕಿಳಿದರೂ, ದೂರ ಎರಡು ಪಟ್ಟಾದರೂ ಕೈಗೆ ಹಿಡಿಯುವ ಸಮಯ ಅಷ್ಟಷ್ಟೇ ಏರುತ್ತದೆ. ಮೊಬೈಲಿನ ಬಟನ್ ಎಷ್ಟು ದೊಡ್ಡದಿರಬೇಕು ಎಂಬುದಕ್ಕೂ ಈಗ ಇದೇ ಸೂತ್ರ.

ಅಷ್ಟರಲ್ಲಿ ಕಾರ್ಖಾನೆಗಳಿಗೆ ಬೇರೆಯದೇ ಬೇಕಿತ್ತು: ಯಾರ ಕೈ ಚುರುಕು? 1948ರಲ್ಲಿ ಬಂದ ಪರ್ಡ್ಯೂ ಪೆಗ್‌ಬೋರ್ಡ್ ಅದಕ್ಕೇ ಹುಟ್ಟಿದ್ದು. ಅದರ ಮುಖ್ಯ ಭಾಗ ಇಷ್ಟೇ: 30 ಸೆಕೆಂಡಿನಲ್ಲಿ ಎಷ್ಟು ಪಿನ್ ತೂತಿಗೆ ಹಾಕುತ್ತೀರಿ. ಆಸ್ಪತ್ರೆಗಳು ಬಳಸುವ, ಒಂಬತ್ತು ಕಡ್ಡಿಗಳನ್ನು ತೂತಿಗೆ ಹಾಕಿ ತೆಗೆಯುವ ಒಂಬತ್ತು ತೂತಿನ ಪರೀಕ್ಷೆಯೂ ಸ್ಟಾಪ್‌ವಾಚ್ ಮೇಲೇ ನಿಂತಿದೆ. 1985ರಲ್ಲಿ ವಯಸ್ಸಿಗೆ ತಕ್ಕ ಸರಾಸರಿಗಳು ಬಂದವು: ಇಪ್ಪತ್ತರ ಹರೆಯದವರಿಗೆ ಸುಮಾರು 16 ಸೆಕೆಂಡು, 75 ದಾಟಿದವರಿಗೆ 20ಕ್ಕೂ ಜಾಸ್ತಿ.

ನನ್ನ ತಕರಾರು ಇಲ್ಲಿದೆ. ಪುಟ್ಟ ಮಗು ಕಡ್ಡಿಯನ್ನು ತೂತಿಗೆ ಸರಿಯಾಗಿ ಗುರಿಯಿಡಲಾಗದೆ ತಡ ಮಾಡಬಹುದು. ವಯಸ್ಸಾದವರು ತಪ್ಪಬಾರದೆಂದು ನಿಧಾನಿಸಿ ತಡ ಮಾಡಬಹುದು. ಗಡಿಯಾರಕ್ಕೆ ಎರಡೂ ಒಂದೇ, ಅಲ್ವಾ? ಕೈ ಕುದುರದೇ ಇರುವುದೂ, ಕುದುರಿದ ಕೈ ಎಚ್ಚರವಾಗಿರುವುದೂ ಒಂದೇ ಅಲ್ಲ.

ಈಗ ಡಿಜಿಟಲ್ ಹಲಗೆಯ ಮೇಲೆ ಗೆರೆ ಎಳೆಸಿದರೆ, ವುಡ್‌ವರ್ತ್ ಹೇಳಿದ ಆ ಎರಡು ಭಾಗಗಳೂ ಬೇರೆಬೇರೆಯಾಗಿ ಕಾಣುತ್ತವೆ. ವಯಸ್ಸಾದವರಲ್ಲಿ ಸಾಮಾನ್ಯವಾಗಿ ಹಿಗ್ಗುವುದು ಎರಡನೆಯದು, ಗುರಿಯ ಹತ್ತಿರ ತಿದ್ದಿಕೊಳ್ಳುವ ಭಾಗ.