ಮಗಳು ಸಹಾಯವಾಣಿಗೆ ಮೆಸೇಜ್ ಮಾಡಿದ್ದಾಳೆ. ನೇರವಾಗಿ ಕೇಳಬಹುದಾ?

ಪ್ರಶ್ನೆ: ಹದಿನಾರರ ಮಗಳು ರಾತ್ರಿ ಸಹಾಯವಾಣಿಯಲ್ಲಿ ಚಾಟ್ ಮಾಡಿದ್ದು ಗೊತ್ತಾಯಿತು. ಅವಳಿಗೆ ಸಾಯುವ ಯೋಚನೆ ಇದೆಯಾ? ನಾವಾಗೇ ಕೇಳಿದರೆ ಇಲ್ಲದ್ದನ್ನು ತಲೆಗೆ ತುಂಬಿದಂತೆ ಆಗಲ್ವಾ?

ಉತ್ತರ: ಚಾಟ್ ಮಾಡಿದ ಮಾತ್ರಕ್ಕೆ ಹಾಗಂದುಕೊಳ್ಳಬೇಕಿಲ್ಲ. ಗೆಳತಿಯ ಜೊತೆ ಜಗಳ, ಪರೀಕ್ಷೆಯ ಭಯ, ಒಂಟಿತನ, ಮನೆಯವರ ಬೈಗುಳ, ಇಂಥದ್ದಕ್ಕೂ ಮಕ್ಕಳು ಅಲ್ಲಿಗೆ ಹೋಗುತ್ತಾರೆ. ಹಾಗಂತ 'ಬರೀ ಜಗಳ ತಾನೇ' ಅಂತ ಬಿಟ್ಟುಬಿಡುವ ಹಾಗೂ ಇಲ್ಲ. ಬಾಯಲ್ಲಿ ಹೇಳುವ ಕಾರಣ ಸಣ್ಣದಿದ್ದರೂ ಒಳಗಿನ ಸಂಕಟ ದೊಡ್ಡದಿರಬಹುದು. ಊಹೆ ಮಾಡುತ್ತಾ ಕೂರಬೇಡಿ, ಕೇಳಿಬಿಡಿ.

ಕೇಳಿದರೆ ಯೋಚನೆ ಹುಟ್ಟುತ್ತದೆ ಅನ್ನುವ ಭಯ ಬಹಳ ಜನರಿಗಿದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ 2,300ಕ್ಕೂ ಹೆಚ್ಚು ಹೈಸ್ಕೂಲ್ ಮಕ್ಕಳ ಮೇಲೆ ಇದನ್ನು ಪರೀಕ್ಷಿಸಿ, 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಗುಂಪಿಗೆ ಆತ್ಮಹತ್ಯೆಯ ಬಗ್ಗೆ ಪ್ರಶ್ನೆ ಕೇಳಿದ್ದರು, ಇನ್ನೊಂದಕ್ಕೆ ಇಲ್ಲ. ಎರಡು ದಿನ ಬಿಟ್ಟು ನೋಡಿದರೆ, ಕೇಳಿಸಿಕೊಂಡವರಲ್ಲಿ ಅಂಥ ಯೋಚನೆ ಜಾಸ್ತಿಯೇನೂ ಆಗಿರಲಿಲ್ಲ. ಮೊದಲೇ ಖಿನ್ನತೆಯಿದ್ದ ಮಕ್ಕಳಲ್ಲಂತೂ ಈ ಪ್ರಶ್ನೆ ಎದುರಿಸಿದವರಿಗೆ ಸಂಕಟ ಕಡಿಮೆಯೇ ಇತ್ತು.

ಹೇಗೆ ಕೇಳುತ್ತೀರಿ ಅನ್ನುವುದು ಮುಖ್ಯ. 'ಅಂಥ ಹುಚ್ಚು ಯೋಚನೆ ಏನೂ ಇಲ್ಲ ತಾನೇ?' ಅಂದರೆ ಬರುವ ಉತ್ತರ 'ಇಲ್ಲ' ಅಂತಲೇ. ನಿಮಗೆ ಬೇಕಾದ ಉತ್ತರವನ್ನು ನೀವೇ ಹೇಳಿಕೊಟ್ಟಿರುತ್ತೀರಲ್ಲ! ಅದರ ಬದಲು 'ಸತ್ತುಹೋಗಬೇಕು ಅಂತ ಅನ್ನಿಸ್ತಿದೆಯಾ?' ಅಂತ ಕೇಳಿ, ಸುಮ್ನಿರಿ. ಹೌದು ಅಂದರೆ ಗಾಬರಿಯಾಗಿ ಉಪದೇಶಕ್ಕೆ ಇಳಿಯಬೇಡಿ. ಹೇಗೆ, ಯಾವಾಗ ಅಂತ ಯೋಚಿಸಿದ್ದಾಳಾ, ಹಿಂದೆ ಎಂದಾದರೂ ಪ್ರಯತ್ನ ಪಟ್ಟಿದ್ದಾಳಾ ಅಂತ ಮೆಲ್ಲಗೆ ಕೇಳಿ. ಸಹಾಯವಾಣಿಯ ಆಪ್ತಸಮಾಲೋಚಕರೂ ಅಪಾಯ ಅಳೆಯುವುದು ಇಂಥ ಪ್ರಶ್ನೆಗಳಿಂದಲೇ.

ಯೋಜನೆಯೇ ಸಿದ್ಧವಿದ್ದರೆ, ಹಿಂದೆ ಪ್ರಯತ್ನ ಆಗಿದ್ದರೆ ಕಾಯುವ ಮಾತಿಲ್ಲ. ಒಬ್ಬಳನ್ನೇ ಬಿಡಬೇಡಿ, ಅಪಾಯದ ವಸ್ತುಗಳನ್ನು ಕೈಗೆ ಸಿಗದಂತೆ ಇಡಿ, ಅವತ್ತೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಆತ್ಮಹತ್ಯೆಯ ತೀವ್ರ ಒತ್ತಡ ಎಷ್ಟೋ ಸಲ ಸ್ವಲ್ಪ ಹೊತ್ತಿನದು. ಆ ಹೊತ್ತು ದಾಟಿಸುವುದೇ ದೊಡ್ಡ ಕೆಲಸ.

ಇನ್ನೊಂದು ಮಾತು. ಚಾಟ್ ಮಾಡಿದ್ದಕ್ಕೆ ಬೈದು ಫೋನ್ ಕಸಿದುಕೊಳ್ಳಬೇಡಿ. ಸಹಾಯ ಕೇಳಬೇಕು ಅಂತ ಅವಳಿಗೆ ಅನ್ನಿಸಿದೆಯಲ್ಲ, ಆ ದಾರಿ ಮುಚ್ಚಬಾರದು. ಭಾರತದಲ್ಲಿರುವವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಏನು ಮಾಡಬೇಕೋ ತೋಚದ ಅಪ್ಪ ಅಮ್ಮನೂ ಮಾಡಬಹುದು.