ರಾತ್ರಿ ಎರಡು ಗಂಟೆಗೆ ಯಾವ ಬಾಗಿಲು ತೆರೆದಿದೆ?

ನಿರಾಶ್ರಿತರ ಶಿಬಿರದ ಆರೋಗ್ಯ ಸೇವೆ ಎಂದ ಕೂಡಲೇ ಹೆಚ್ಚಿನವರ ಕಣ್ಣಿಗೆ ಕಟ್ಟುವುದು ಒಂದು ಡೇರೆ, ಸ್ಟೆತಸ್ಕೋಪ್ ಹಾಕಿದ ವೈದ್ಯರು, ಮುಂದೆ ಉದ್ದನೆಯ ಸಾಲು. ಆ ಡೇರೆಯನ್ನು ಎಲ್ಲಿ ಹಾಕಬೇಕು, ಪಕ್ಕದಲ್ಲೇ ಇನ್ನೊಂದು ಏಕೆ ಬೇಡ, ಅಲ್ಲಿ ಕೈಮೀರಿದ ಹೆರಿಗೆಯನ್ನು ಯಾವ ಆಸ್ಪತ್ರೆಗೆ ಕಳಿಸಬೇಕು, ಆ ಆಸ್ಪತ್ರೆಯಲ್ಲಿ ಆವತ್ತು ಅರಿವಳಿಕೆ ವೈದ್ಯರು ಇದ್ದಾರೆಯೇ ಎಂಬುದನ್ನೆಲ್ಲ ಯಾರೋ ಕೂತು ಹೊಂದಿಸಬೇಕು. ಬಾಂಗ್ಲಾದೇಶದ ಕಾಕ್ಸ್ ಬಜಾರ್‌ನಲ್ಲಿ ನನ್ನ ಪಾಲಿಗೆ ಬಂದದ್ದು ಈ ಹೊಂದಿಸುವ, ಅಂದರೆ ಸಮನ್ವಯದ ಕೆಲಸ. ಫೋಟೊಗೆ ಸಿಗುವಂಥದ್ದಲ್ಲ, ಬಹುಪಾಲು ಮೀಟಿಂಗ್, ಫೋನ್, ಎಕ್ಸೆಲ್ ಶೀಟ್.

2017ರ ಆಗಸ್ಟ್ 25ರ ನಂತರ ಮ್ಯಾನ್ಮಾರ್‌ನ ರಖೈನ್ ಪ್ರಾಂತ್ಯದಿಂದ 7 ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳು ಕೆಲವೇ ತಿಂಗಳಲ್ಲಿ ಗಡಿ ದಾಟಿದರು. ಮೊದಲೇ ಬಂದು ನೆಲೆಸಿದ್ದವರೂ ಸೇರಿ ಸಂಖ್ಯೆ 10 ಲಕ್ಷದ ಹತ್ತಿರಕ್ಕೆ ಹೋಯಿತು. ಅವರಲ್ಲಿ ಹೆಚ್ಚಿನವರು ಇರುವುದು ಉಖಿಯಾ ಮತ್ತು ಟೆಕ್ನಾಫ್ ಎಂಬ ಎರಡು ಉಪಜಿಲ್ಲೆಗಳಲ್ಲಿ. 2011ರ ಜನಗಣತಿ ಪ್ರಕಾರ ಈ ಎರಡೂ ಕಡೆಯ ಊರಿನವರ ಸಂಖ್ಯೆ ಕೂಡಿದರೂ ಸುಮಾರು 4.7 ಲಕ್ಷ. ಅಂದರೆ ಆಶ್ರಯ ಕೊಟ್ಟವರಿಗಿಂತ ಆಶ್ರಯ ಬೇಡಿ ಬಂದವರೇ ಹೆಚ್ಚು ಕಡಿಮೆ ಇಮ್ಮಡಿ. ಈ ಲೆಕ್ಕ ತಲೆಯಲ್ಲಿಲ್ಲದಿದ್ದರೆ ಅಲ್ಲಿನ ಯಾವ ಜಗಳವೂ ಅರ್ಥವಾಗುವುದಿಲ್ಲ.

ಮೊದಲ ತಿಂಗಳುಗಳಲ್ಲಿ ನೆರವಿನ ಸಂಸ್ಥೆಗಳು ಒಂದರ ಹಿಂದೊಂದು ಬಂದು ಇಳಿದವು. ಎಲ್ಲರಿಗೂ ವಾಹನ ಹೋಗುವ ಜಾಗ ಬೇಕು. ಹಾಗಾಗಿ ಮುಖ್ಯ ರಸ್ತೆಯ ಆಚೀಚೆ ಜಾತ್ರೆಯ ಅಂಗಡಿಗಳಂತೆ ಕ್ಲಿನಿಕ್‌ಗಳು ಸಾಲುಗಟ್ಟಿದವು. ಒಳಗಿನ ಗುಡ್ಡಗಳಲ್ಲಿದ್ದವರು ಮಾತ್ರ ಕೆಸರಿನ ಮೆಟ್ಟಿಲಿಳಿದು, ಬಿದಿರಿನ ಕಾಲುಸೇತುವೆ ದಾಟಿ ಬರಬೇಕು. 10,000 ಜನಕ್ಕೆ ಒಂದು ಆರೋಗ್ಯ ಘಟಕ, 50,000 ಜನಕ್ಕೆ ಒಂದು ಆರೋಗ್ಯ ಕೇಂದ್ರ, 2.5 ಲಕ್ಷಕ್ಕೆ ಒಂದು ಆಸ್ಪತ್ರೆ ಎಂಬುದು ನೆರವಿನ ಲೋಕ ಒಪ್ಪಿಕೊಂಡಿರುವ ಸ್ಫಿಯರ್ ಮಾನದಂಡ. ಒಟ್ಟು ಲೆಕ್ಕ ಹಾಕಿದರೆ ಎಲ್ಲವೂ ಸಾಕಷ್ಟಿದೆ ಅನ್ನಿಸುತ್ತದೆ. ಸರಾಸರಿಯಲ್ಲಿ ಗುಡ್ಡ ಕಾಣುವುದಿಲ್ಲ.

ಸಮನ್ವಯ ಮಾಡುವವರ ಕೈಯಲ್ಲಿ ಹಣವೂ ಇಲ್ಲ, ಆಜ್ಞೆ ಮಾಡುವ ಅಧಿಕಾರವೂ ಇಲ್ಲ. ಅಲ್ಲಿ ಆರೋಗ್ಯ ಸಂಸ್ಥೆಗಳೆಲ್ಲ ಕೂಡುವ ಆರೋಗ್ಯ ವಲಯದ ಸಭೆಯನ್ನು ಸಿವಿಲ್ ಸರ್ಜನ್, ಅಂದರೆ ಜಿಲ್ಲೆಯ ಆರೋಗ್ಯಾಧಿಕಾರಿಯ ಕಚೇರಿ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ ನಡೆಸುತ್ತವೆ. ಶಿಬಿರದೊಳಗಿನ ಮಾತು ನಿರಾಶ್ರಿತರ ಪರಿಹಾರ ಆಯುಕ್ತರ ಕಚೇರಿಯದು, ಅವರ ಪರವಾಗಿ ಪ್ರತಿ ಶಿಬಿರಕ್ಕೂ ಒಬ್ಬ ಕ್ಯಾಂಪ್ ಇನ್‌ಚಾರ್ಜ್. ಸಂಸ್ಥೆಗಳಿಗೆ ಢಾಕಾದ ಎನ್‌ಜಿಒ ಬ್ಯೂರೋದಿಂದ ಎಫ್‌ಡಿ-7 ಎಂಬ ತುರ್ತು ಪರಿಹಾರ ಯೋಜನೆಯ ಅನುಮತಿ ಬೇಕು, ಅದೂ ಅವಧಿಗೆ ಕಟ್ಟಿಹಾಕಿದ್ದು. ಒಂದು ಕ್ಲಿನಿಕ್ ಅನ್ನು ರಸ್ತೆಬದಿಯಿಂದ ಗುಡ್ಡದ ಮೇಲಕ್ಕೆ ಸರಿಸಬೇಕೆಂದರೆ ಇಷ್ಟೂ ಮೇಜುಗಳ ಮೇಲೆ ಕಾಗದ ಓಡಾಡಬೇಕು. ಅಷ್ಟರಲ್ಲಿ ದಾನಿಗಳ ಯೋಜನೆಯೇ ಮುಗಿದಿರುತ್ತದೆ. ಆದೇಶ ಹೊರಡಿಸಿ ಇಲ್ಲಿ ಏನೂ ಸಾಗುವುದಿಲ್ಲ. ನಕ್ಷೆ ಹರವಿ, ಚಹಾ ಕುಡಿಯುತ್ತಾ, ‘ನಿಮ್ಮಿಂದ ಐವತ್ತು ಹೆಜ್ಜೆಗೆ ಇನ್ನೊಬ್ಬರಿದ್ದಾರೆ, ಆ ಗುಡ್ಡದಲ್ಲಿ ಯಾರೂ ಇಲ್ಲ’ ಎಂದು ಮತ್ತೆ ಮತ್ತೆ ತೋರಿಸುವುದೊಂದೇ ದಾರಿ.

ಆ ನಕ್ಷೆಗೆ ಆಧಾರ ಪ್ರತಿ ಸಂಸ್ಥೆಯೂ ತುಂಬಿಕೊಡುವ ಪಟ್ಟಿ: ಯಾರು, ಏನು, ಎಲ್ಲಿ, ಯಾವಾಗ. ಅದರಲ್ಲಿ ನಾನು ಮೊದಲು ನೋಡುತ್ತಿದ್ದುದು ಕೊನೆಯ ಕಾಲಂ. ‘24 ಗಂಟೆ’ ಎಂದು ಬರೆದ ಕೇಂದ್ರಗಳಿಗೆ ರಾತ್ರಿ ಫೋನ್ ಮಾಡಿಸಿದರೆ ಬಗೆಬಗೆಯ ಉತ್ತರ ಬರುತ್ತಿತ್ತು. ಒಂದೆಡೆ ಸೂಲಗಿತ್ತಿ ತರಬೇತಿಯ ನರ್ಸ್ ಎಚ್ಚರವಾಗಿದ್ದಾಳೆ, ಆಂಬುಲೆನ್ಸ್ ಇಲ್ಲ. ಇನ್ನೊಂದೆಡೆ ಆಂಬುಲೆನ್ಸ್ ಇದೆ, ಚಾಲಕ ಊರಿಗೆ ಹೋಗಿದ್ದಾನೆ. ಮತ್ತೊಂದೆಡೆ ಫೋನ್ ಎತ್ತಿದ್ದು ಕಾವಲುಗಾರ. ‘ಡಾಕ್ಟರ್ ಬೆಳಿಗ್ಗೆ ಬರ್ತಾರೆ’ ಎಂದ. ಹಗಲಿನ ಹೊರರೋಗಿ ವಿಭಾಗ ನಡೆಸುವುದು ಸುಲಭ, ಸಂಖ್ಯೆಯೂ ಚೆನ್ನಾಗಿ ಬರುತ್ತದೆ, ವರದಿ ತುಂಬುತ್ತದೆ. ಕೆಮ್ಮು, ನೆಗಡಿ, ಮೈಕೈ ನೋವಿಗೆ ಒಂದೇ ರೋಗಿ ಒಂದೇ ದಿನ ಮೂರು ಕ್ಲಿನಿಕ್ ಸುತ್ತಿ ಮೂರು ಸ್ಟ್ರಿಪ್ ಪ್ಯಾರಾಸಿಟಮಾಲ್ ತಂದಿದ್ದೂ ಉಂಟು. ಆದರೆ ತಾಯಂದಿರು ಸಾಯುವುದು ರಕ್ತಸ್ರಾವದಿಂದ, ನಂಜಿನಿಂದ, ಹೆರಿಗೆ ಅಡ್ಡಗಟ್ಟಿ. ಅದಕ್ಕೆ ಹೊತ್ತು ಗೊತ್ತಿಲ್ಲ.

ಅಂಥ ಒಂದು ರಾತ್ರಿಯ ರೆಫರಲ್, ಅಂದರೆ ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಕಳಿಸುವುದು, ಹೇಗಿರುತ್ತದೆ ನೋಡಿ. ಬಸುರಿಯನ್ನು ಕುರ್ಚಿಗೆ ಬಿದಿರು ಕಟ್ಟಿ ನಾಲ್ವರು ಹೊತ್ತು ಇಟ್ಟಿಗೆ ಹಾಸಿನ ರಸ್ತೆಗೆ ತರಬೇಕು. ಆಂಬುಲೆನ್ಸ್ ಬರಬೇಕು. ಶಿಬಿರ ಬಿಟ್ಟು ಹೊರಹೋಗಲು ಅನುಮತಿ ಚೀಟಿ ಬೇಕು, ದಾರಿಯ ಚೆಕ್‌ಪೋಸ್ಟ್‌ನಲ್ಲಿ ಅದನ್ನು ತೋರಿಸಬೇಕು. ಜೊತೆಗೆ ಯಾರು ಹೋಗುತ್ತಾರೆ, ಮನೆಯಲ್ಲಿ ಉಳಿದ ಮಕ್ಕಳನ್ನು ಯಾರು ನೋಡುತ್ತಾರೆ ಎಂಬುದು ತೀರ್ಮಾನವಾಗಬೇಕು. ಅಲ್ಲಿಂದ ಕಾಕ್ಸ್ ಬಜಾರ್ ಪಟ್ಟಣದ ಸದರ್ (ಜಿಲ್ಲಾ) ಆಸ್ಪತ್ರೆಗೆ ಸುಮಾರು 35–40 ಕಿಲೋಮೀಟರ್. ಆಸ್ಪತ್ರೆಗೆ ಮುಂಚೆಯೇ ಫೋನ್ ಹೋಗಿರದಿದ್ದರೆ ಬಾಗಿಲಲ್ಲಿ ‘ಹಾಸಿಗೆ ಇಲ್ಲ’. ಈ ಸರಪಳಿಯ ಒಂದೊಂದು ಕೊಂಡಿಯೂ ಬೇರೆ ಬೇರೆ ಸಂಸ್ಥೆಯದು. ಯಾವ ಕೊಂಡಿಯೂ ತಪ್ಪು ಮಾಡದೆಯೇ ಆಕೆ ದಾರಿಯಲ್ಲಿ ತೀರಿಕೊಳ್ಳಬಹುದು. ಸಮನ್ವಯ ಸರಿಯಿದೆಯೇ ಎಂದು ಯಾರಾದರೂ ಕೇಳಿದರೆ ನಾನು ಮೀಟಿಂಗ್ ನಡಾವಳಿ ತೋರಿಸುವುದಿಲ್ಲ, ರಾತ್ರಿ ಎರಡರ ರೆಫರಲ್‌ಗೆ ಎಷ್ಟು ಹೊತ್ತು ಹಿಡಿಯಿತು ಎಂದು ನೋಡುತ್ತೇನೆ.

ನಮ್ಮ ಬೈಲಕುಪ್ಪೆಯ ಟಿಬೆಟನ್ನರ ನೆನಪು ಇಲ್ಲಿ ಬಂದೇ ಬರುತ್ತದೆ. 1960ರ ದಶಕದ ಆರಂಭದಲ್ಲಿ ಬಂದ ಅವರಿಗೆ ಸರ್ಕಾರ ಭೂಮಿ ಕೊಟ್ಟಿತು, ಬೇಸಾಯಕ್ಕೆ ಬಿಟ್ಟಿತು. ಕಾಯಿಲೆ ಜೋರಾದರೆ ಬಸ್ ಹತ್ತಿ ಮೈಸೂರಿಗೆ ಹೋಗುತ್ತಾರೆ. ಮುಳ್ಳುತಂತಿಯೊಳಗಿನ ಶಿಬಿರದಲ್ಲಿ ಆ ಬಸ್ಸಿನ ಕೆಲಸವನ್ನು ಒಂದು ಇಡೀ ವ್ಯವಸ್ಥೆ ಮಾಡಬೇಕಾಗುತ್ತದೆ.

ಇನ್ನು ರೋಗದ ಕಣ್ಗಾವಲು. 2017ರ ನವೆಂಬರ್‌ನಲ್ಲಿ ಶಿಬಿರದಲ್ಲಿ ಗಂಟಲುಮಾರಿ, ಅಂದರೆ ಡಿಫ್ತೀರಿಯಾ ಕಾಣಿಸಿಕೊಂಡಿತು. ರಖೈನ್‌ನಲ್ಲಿ ಈ ಮಕ್ಕಳಿಗೆ ಲಸಿಕೆ ಸಿಕ್ಕಿದ್ದೇ ಅಪರೂಪ. ವಿದೇಶದಿಂದ ಬಂದ ಅನೇಕ ವೈದ್ಯರು ಆ ರೋಗವನ್ನು ಪುಸ್ತಕದಲ್ಲಷ್ಟೇ ಓದಿದ್ದವರು. ಉತ್ತರ ಕರ್ನಾಟಕದ ಮಕ್ಕಳ ವೈದ್ಯರಾಗಿದ್ದರೆ ಊದಿದ ಕತ್ತು ನೋಡಿಯೇ ಗುರುತಿಸುತ್ತಿದ್ದರು. ಕೊಡಬೇಕಾದ ಪ್ರತಿವಿಷ ಜಗತ್ತಿನಲ್ಲೇ ವಿರಳ. ಅದು ಕುದುರೆಯ ರಕ್ತಸಾರದಿಂದ ತಯಾರಾಗುವುದರಿಂದ ಕೆಲವರಿಗೆ ಅಪಾಯಕಾರಿ ಅಲರ್ಜಿ ಆಗಬಹುದು. ಕಂಡಕಂಡ ಕ್ಲಿನಿಕ್‌ನಲ್ಲಿ ಚುಚ್ಚುವಂತಿಲ್ಲ. ಹಾಗಾಗಿ ಕೆಲವೇ ಕೇಂದ್ರಗಳಲ್ಲಿ ಚಿಕಿತ್ಸೆ, ಉಳಿದವರು ಗುರುತಿಸಿ ಕಳಿಸುವುದು, ಇನ್ನೊಂದು ತಂಡ ರೋಗಿಯ ಮನೆಯವರನ್ನು ಹುಡುಕಿ ಪ್ರತಿಜೀವಕ ಕೊಡುವುದು ಎಂದು ಕೆಲಸ ಹಂಚಬೇಕಾಯಿತು. ಡಿಸೆಂಬರ್‌ನಲ್ಲಿ 6 ವಾರದಿಂದ 15 ವರ್ಷದೊಳಗಿನವರಿಗೆ ಲಸಿಕೆ ಅಭಿಯಾನ ಶುರುವಾಯಿತು. ಮುಂದಿನ ತಿಂಗಳುಗಳಲ್ಲಿ ಶಂಕಿತ ಪ್ರಕರಣಗಳನ್ನೂ ಸೇರಿಸಿ ಸಂಖ್ಯೆ ಸಾವಿರಗಳಿಗೆ ಏರಿತು, ಸಾವು 40 ದಾಟಿತು. ‘ಇದು ನನ್ನ ಸಂಸ್ಥೆಯ ಕೆಲಸವಲ್ಲ’ ಎಂಬ ಮಾತು ಬಾಯಿಂದ ಬರದಂತೆ ಮಾಡಿದ್ದು ಆ ಚಳಿಗಾಲ.

ಬ್ಯಾಕ್ಟೀರಿಯಾ ಶಿಬಿರದ ಬೇಲಿಗೆ ನಿಲ್ಲುವುದಿಲ್ಲ. 2018ರ ಮೇ ತಿಂಗಳಲ್ಲಿ, ಮಳೆಗಾಲಕ್ಕೆ ಮುನ್ನ, ಬಾಯಿಯ ಮೂಲಕ ಕಾಲರಾ ಲಸಿಕೆ ಹಾಕಿದಾಗ ಗುರಿ ಇದ್ದ ಸುಮಾರು 10 ಲಕ್ಷ ಜನರಲ್ಲಿ 1.35 ಲಕ್ಷ ಮಂದಿ ಸ್ಥಳೀಯರೇ. ಈ ಪ್ರದೇಶಕ್ಕೆ ನಿರಾಶ್ರಿತರು ಮತ್ತು ಕಾಲರಾದ ಪಾಠ ಹಳೆಯದು. 1971ರಲ್ಲಿ, ಆಗ ಪೂರ್ವ ಪಾಕಿಸ್ತಾನವಾಗಿದ್ದ ಇದೇ ನೆಲದಿಂದ ಸುಮಾರು ಒಂದು ಕೋಟಿ ಜನ ಭಾರತಕ್ಕೆ ಓಡಿಬಂದಿದ್ದರು. ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಡ್ರಿಪ್ ಬಾಟಲಿ ಮುಗಿದಾಗ ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಗ್ಲೂಕೋಸ್, ಸೋಡಾ ಕಲಸಿದ ನೀರನ್ನು ಡ್ರಮ್ಮುಗಳಲ್ಲಿಟ್ಟು ಮನೆಯವರ ಕೈಯಲ್ಲೇ ಕುಡಿಸಿದರು. ಶೇ 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇ 4ಕ್ಕಿಂತ ಕೆಳಗೆ ಬಂತು. ಇವತ್ತು ಅಂಥದ್ದೇ ದ್ರಾವಣದ ಓಆರ್‌ಎಸ್ ಪೊಟ್ಟಣ ಊರೂರಲ್ಲೂ ಸಿಗುತ್ತದೆ.

ಈಗ ಊರಿನವರ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನನ್ನ ಪ್ರಕಾರ ನೆರವಿನ ಸಂಸ್ಥೆಗಳು ಹೆಚ್ಚು ಎಡವುವುದು ಅಲ್ಲಿ. ನಿರಾಶ್ರಿತರು ಬಂದ ಮೇಲೆ ಉಖಿಯಾದ ಕೂಲಿಕಾರನ ದಿನಗೂಲಿ ಇಳಿಯಿತು, ಸಾಮಾನಿನ ಬೆಲೆ ಏರಿತು, ಸೌದೆ ತರುತ್ತಿದ್ದ ಕಾಡು ಬೋಳಾಯಿತು. ಸರ್ಕಾರಿ ಆಸ್ಪತ್ರೆಯ ನರ್ಸ್, ಲ್ಯಾಬ್ ತಂತ್ರಜ್ಞರನ್ನು ಸಂಸ್ಥೆಗಳ ಸಂಬಳ ಸೆಳೆದುಕೊಂಡಿತು. ಅದೇ ಆಸ್ಪತ್ರೆಯ ಮುಂದೆ ಸಾಲು ಮಾತ್ರ ಉದ್ದವಾಯಿತು. ಸದರ್ ಆಸ್ಪತ್ರೆ ಇರುವುದೇ 250 ಹಾಸಿಗೆಯದು, ಅದೂ 20 ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯ ಇಡೀ ಜಿಲ್ಲೆಗೆ. ಮೊದಲೇ ನೆಲದ ಮೇಲೆ ಮಲಗುತ್ತಿದ್ದ ರೋಗಿ, ಪಕ್ಕದ ಹಾಸಿಗೆಯ ನಿರಾಶ್ರಿತೆಗೆ ಸಂಸ್ಥೆಯವರು ಔಷಧಿ ಖರ್ಚು ಕೊಡುವುದನ್ನು ನೋಡಿದರೆ ಏನನ್ನಿಸೀತು? ಆ ಸಿಟ್ಟನ್ನು ಪರದ್ವೇಷ ಎಂದು ತಳ್ಳಿಹಾಕುವವರ ಮೇಲೆ ನನಗೆ ತಾಳ್ಮೆ ಕಡಿಮೆ. ಅದರಲ್ಲಿ ಅರ್ಧ ಲೆಕ್ಕಾಚಾರದ ಸಿಟ್ಟು, ಲೆಕ್ಕ ಸರಿಯಾಗಿಯೇ ಇದೆ.

ಸರಿಯಾಗಿ ಆದ ಒಂದು ಉದಾಹರಣೆಯೂ ಇದೆ. ಕೋವಿಡ್ ಬಂದಾಗ ಜಿಲ್ಲೆಯಲ್ಲಿ ಐಸಿಯು ಇರಲಿಲ್ಲ. ಅದನ್ನು ಶಿಬಿರದೊಳಗೆ ಕಟ್ಟಲಿಲ್ಲ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ನೆರವಿನಿಂದ ಸದರ್ ಆಸ್ಪತ್ರೆಯಲ್ಲೇ 2020ರ ಜೂನ್‌ನಲ್ಲಿ 10 ಹಾಸಿಗೆಯ ಐಸಿಯು ತೆರೆಯಿತು. ಕಾಕ್ಸ್ ಬಜಾರ್ ಮೆಡಿಕಲ್ ಕಾಲೇಜಿನ ಲ್ಯಾಬ್‌ನಲ್ಲಿ ಊರಿನವರದ್ದೂ ಶಿಬಿರದವರದ್ದೂ ಗಂಟಲ ದ್ರವ ಒಂದೇ ಯಂತ್ರಕ್ಕೆ ಹೋಯಿತು. ಉಸಿರಾಟದ ಚಿಕಿತ್ಸಾ ಕೇಂದ್ರಗಳು ಇಬ್ಬರನ್ನೂ ಸೇರಿಸಿಕೊಂಡವು. ನಿರಾಶ್ರಿತರಿಗೆಂದು ಬಂದ ಹಣದಲ್ಲಿ ಜಿಲ್ಲೆಗೆ ಉಳಿಯುವಂಥದ್ದು ಆದಾಗ ಮೀಟಿಂಗ್‌ಗಳಲ್ಲಿ ಸ್ಥಳೀಯ ಅಧಿಕಾರಿಗಳ ದನಿಯೇ ಬದಲಾಗುತ್ತದೆ. ರಾತ್ರಿಯ ಅನುಮತಿ ಚೀಟಿಯೂ ಬೇಗ ಸಿಗುತ್ತದೆ.

2025ರ ಆರಂಭದಲ್ಲಿ ಅಮೆರಿಕದ ನೆರವಿಗೆ ಕತ್ತರಿ ಬಿದ್ದ ಮೇಲೆ ಶಿಬಿರದ ಹಲವು ಕೇಂದ್ರಗಳು ಸೇವೆ ಕಡಿತ ಮಾಡಿದವು. ಅದೇ ಹೊತ್ತಿಗೆ ರಖೈನ್‌ನ ಹೊಸ ಕಾಳಗದಿಂದ ತಪ್ಪಿಸಿಕೊಂಡು ಸುಮಾರು ಒಂದೂವರೆ ಲಕ್ಷ ಜನ ಮತ್ತೆ ಬಂದು ಸೇರಿದ್ದಾರೆ. ಕಡಿತ ಮಾಡಲೇಬೇಕಾದರೆ ಪ್ರತಿ ಸಂಸ್ಥೆಯೂ ತನ್ನ ಬಜೆಟ್ ನೋಡಿ ತಾನೇ ಬಾಗಿಲು ಹಾಕಿಕೊಂಡು ಹೋಗುವುದು ಅತ್ಯಂತ ಕೆಟ್ಟ ದಾರಿ. ನನ್ನನ್ನು ಕೇಳಿದರೆ ಹಗಲು ಮಾತ್ರ ತೆರೆಯುವ, ಪಕ್ಕದಲ್ಲೇ ಇನ್ನೊಂದಿರುವ ಕ್ಲಿನಿಕ್‌ಗಳು ಮೊದಲು ಹೋಗಲಿ. ರಾತ್ರಿಯ ಹೆರಿಗೆ ಕೋಣೆ, ಆಂಬುಲೆನ್ಸ್, ಲಸಿಕೆ, ಲ್ಯಾಬ್ ಕೊನೆಯವರೆಗೂ ಉಳಿಯಲಿ. ಇವುಗಳ ಜೊತೆಗೇ ಸದರ್ ಆಸ್ಪತ್ರೆಗೆ ಯೋಜನೆಯ ಹಣದಲ್ಲಿ ನೇಮಕವಾಗುವ ವೈದ್ಯರು, ನರ್ಸ್‌ಗಳನ್ನು ಸೇರಿಸಿ ನೋಡಬೇಕು. ಅವರ ಗುತ್ತಿಗೆ ಮುಗಿದರೆ ವೆಂಟಿಲೇಟರ್ ಇದ್ದೂ ಐಸಿಯು ಮುಚ್ಚುತ್ತದೆ. ಆ ಹುದ್ದೆಗಳು ಢಾಕಾದಲ್ಲಿ ಸರ್ಕಾರಿ ಹುದ್ದೆಗಳಾಗಿ ಮಂಜೂರಾಗುವ ತನಕ ಸಂಬಳ ಯಾರು ಕೊಡುತ್ತಾರೆ ಎಂಬುದನ್ನು ಕ್ಲಿನಿಕ್ ಮುಚ್ಚುವ ಪಟ್ಟಿ ಮಾಡುವ ಸಭೆಯಲ್ಲೇ ಬರೆದಿಟ್ಟುಕೊಳ್ಳಬೇಕು.