ಎರಡು ಲಕ್ಷ ಸಾಲು ತಲೆಯಲ್ಲಿ ನಿಲ್ಲುವುದು ಹೇಗೆ?

ದರೋಜಿ ಎಂದರೆ ಹೊರಗಿನವರಿಗೆ ಕರಡಿಧಾಮ. ಬಳ್ಳಾರಿ ಸೀಮೆಯ ನಮಗೆ ಮೊದಲು ನೆನಪಾಗುವುದು ಬುರ್ರಕಥೆ ಈರಮ್ಮ. ಬುರ್ರಕಥೆ ಎಂದರೆ ವಾದ್ಯದ ಜೊತೆ ಕಥೆ ಹಾಡುವ ಜನಪದ ಕಲೆ. ಸಂಡೂರು ತಾಲ್ಲೂಕಿನ ಈ ಹೆಣ್ಣುಮಗಳಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಕುಮ್ಮಟದುರ್ಗದ ಕುಮಾರರಾಮನ ಕಥೆ ಸೇರಿ 12 ಜನಪದ ಕಾವ್ಯಗಳು ಅವರಿಗೆ ಬಾಯಲ್ಲೇ ಇದ್ದವು. ಬರೆದಿಟ್ಟರೆ ಸುಮಾರು 7,000 ಪುಟ, 2 ಲಕ್ಷ ಸಾಲು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. 2014ರಲ್ಲಿ ಅವರು ತೀರಿಕೊಂಡರು.

ಇಷ್ಟೊಂದು ಒಂದು ತಲೆಯಲ್ಲಿ ಹೇಗೆ ಹಿಡಿಸಿತು? ದೇವರು ಕೊಟ್ಟ ವರ ಎಂದು ಜನ ಹೇಳುತ್ತಾರೆ. ಆ ಮಾತಿನ ಹಿಂದಿನ ಗೌರವ ನನಗೂ ಇದೆ. ಆದರೆ ಹಾಗೆ ಹೇಳಿದಾಗ ಅವರು ಜೀವನಪೂರ್ತಿ ಪಟ್ಟ ಶ್ರಮ ಕಾಣದೇ ಹೋಗುತ್ತದೆ.

ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಹಾಡಿನ ಸಾಲು ಯಾವುದೋ ಒಂದು ಕೋಶದೊಳಗೆ ಕೂತಿರುವುದಿಲ್ಲ. ಕೋಶ ಕೋಶಗಳ ನಡುವಿನ ಸಂಪರ್ಕ ಎಷ್ಟು ಗಟ್ಟಿ ಎನ್ನುವುದರಲ್ಲಿ ಅದು ಇರುತ್ತದೆ. ಆ ಗಟ್ಟಿತನ ಬರುವ ರೀತಿಯನ್ನು ಹತ್ತಿರದಿಂದ ನೋಡಬೇಕು. ಒಂದು ಕೋಶ ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಪಕ್ಕದ ಕೋಶದ ಕಡೆ ಬಿಡುತ್ತದೆ. ಆ ಕೋಶದ ಮೈಮೇಲೆ ಒಂದು ಬಗೆಯ ಬಾಗಿಲುಗಳಿವೆ. ಮೆಗ್ನೀಸಿಯಂ ಅಯಾನು ಅವುಗಳಿಗೆ ಅಡ್ಡ ಕೂತಿರುತ್ತದೆ. ಗ್ಲುಟಮೇಟ್ ಬಂದರಷ್ಟೇ ಸಾಲದು, ಅದೇ ಹೊತ್ತಿಗೆ ಆ ಕೋಶವೂ ಚುರುಕಾಗಿರಬೇಕು. ಎರಡೂ ಕೂಡಿ ಬಂದಾಗ ಮಾತ್ರ ಮೆಗ್ನೀಸಿಯಂ ಸರಿಯುತ್ತದೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ. ಸಂಪರ್ಕ ಬಿಗಿಯಾಗುವುದು ಅಲ್ಲಿಂದ. ಎರಡು ಸಂಗತಿ ಒಟ್ಟಿಗೆ ನಡೆದವು ಎಂದು ಇಷ್ಟು ಸಣ್ಣ ಜಾಗದಲ್ಲೇ ಗೊತ್ತಾಗಿಬಿಡುತ್ತದಲ್ಲ, ನನಗೆ ಇದು ಎಷ್ಟು ಸಲ ಓದಿದರೂ ಬೆರಗು.

ಟಿಮ್ ಬ್ಲಿಸ್ ಮತ್ತು ಟೆರ್ಯೆ ಲೋಮೊ 1973ರಲ್ಲಿ ಮೊಲಗಳ ಮಿದುಳಿನ ಹಿಪ್ಪೊಕ್ಯಾಂಪಸ್ ಎಂಬ ಭಾಗದಲ್ಲಿ ಸಂಪರ್ಕ ಹೀಗೆ ಗಂಟೆಗಟ್ಟಲೆ ಗಟ್ಟಿಯಾಗಿ ಉಳಿಯುವುದನ್ನು ತೋರಿಸಿದರು. ಆ ಭಾಗದ ಮಹತ್ವ ಅದಕ್ಕೂ ಮೊದಲೇ ಗೊತ್ತಾಗಿತ್ತು. ಅಮೆರಿಕದ ಹೆನ್ರಿ ಮೊಲೈಸನ್‌ಗೆ 1953ರಲ್ಲಿ ಮೂರ್ಛೆರೋಗ ನಿಲ್ಲಿಸಲು ಆಪರೇಷನ್ ಮಾಡಿ, ಎರಡೂ ಬದಿಯ ಹಿಪ್ಪೊಕ್ಯಾಂಪಸ್‌ನ ಬಹುಭಾಗ ತೆಗೆದರು. ಬಾಲ್ಯದ ನೆನಪು ಉಳಿದವು. ಹೊಸದು ಮಾತ್ರ ನಿಲ್ಲಲಿಲ್ಲ. ವರ್ಷಗಟ್ಟಲೆ ಅವರನ್ನು ಪರೀಕ್ಷಿಸಿದ ಬ್ರೆಂಡಾ ಮಿಲ್ನರ್ ಪ್ರತಿ ಭೇಟಿಯಲ್ಲೂ ಅವರಿಗೆ ಹೊಸಬರೇ. ಆದರೆ ಕನ್ನಡಿಯಲ್ಲಿ ನೋಡುತ್ತಾ ನಕ್ಷತ್ರದ ಗೆರೆ ಎಳೆಯುವ ಕೆಲಸ ಕೊಟ್ಟಾಗ ಅವರ ಕೈ ದಿನದಿಂದ ದಿನಕ್ಕೆ ಪಳಗಿತು. ಹಿಂದಿನ ದಿನ ಮಾಡಿದ್ದೇ ಅವರಿಗೆ ನೆನಪಿರಲಿಲ್ಲ! ನಡೆದದ್ದರ ನೆನಪು ಬೇರೆ, ಕೈಗೆ ಹತ್ತಿದ ಕಸುಬು ಬೇರೆ. ಬುರ್ರಕಥೆಯಂಥ ಹಾಡಿಕೆಗೆ ಎರಡೂ ಬೇಕು.

ಇನ್ನು ನೆನಪನ್ನು ಮರಳಿ ತರುವ ವಿಷಯ. ಹಾಡು ನಡುವೆ ನಿಂತರೆ ನಾವು ಹಿಂದಿನ ಸಾಲಿನಿಂದ ಮತ್ತೆ ಶುರು ಮಾಡುತ್ತೇವೆ, ಅಲ್ವಾ? ಒಟ್ಟಿಗೆ ಬೆಸೆದುಕೊಂಡ ಕೋಶಗಳಲ್ಲಿ ಕೆಲವು ಎಚ್ಚೆತ್ತರೆ ಉಳಿದವೂ ಏಳುತ್ತವೆ. ರಾಗ, ಪ್ರಾಸ, ತಾಳ ಎಲ್ಲವೂ ಮುಂದಿನ ಪದಕ್ಕೆ ಸುಳಿವು. ಆ ತಾಳದಲ್ಲಿ ಕೂರದ ಪದ ನಾಲಿಗೆಗೆ ಬರುವುದೇ ಇಲ್ಲ.

ಹಾಗಂತ ಕಥೆ ಹಾಡುವವರು ಎಲ್ಲವನ್ನೂ ಪದಕ್ಕೆ ಪದ ಬಾಯಿಪಾಠ ಮಾಡಿರುತ್ತಾರೆ ಎಂದುಕೊಳ್ಳಬೇಡಿ. 1930ರ ದಶಕದಲ್ಲಿ ಮಿಲ್ಮನ್ ಪ್ಯಾರಿ ಮತ್ತು ಆಲ್ಬರ್ಟ್ ಲಾರ್ಡ್ ಯುಗೊಸ್ಲಾವಿಯದ ಹಾಡುಗಾರರನ್ನು ರೆಕಾರ್ಡ್ ಮಾಡಿದರು. ಅದೇ ಹಾಡು ಎಂದು ಅವರು ಹೇಳುತ್ತಿದ್ದರೂ ಒಂದು ಸಲದ್ದು ಇನ್ನೊಂದು ಸಲಕ್ಕೆ ಹೊಂದುತ್ತಿರಲಿಲ್ಲ. ಕಥೆಯ ದಾರಿ, ರೂಢಿಯ ನುಡಿಗಟ್ಟುಗಳು ಮನಸ್ಸಿನಲ್ಲಿರುತ್ತವೆ. ಸಾಲು ಹುಟ್ಟುವುದು ಹಾಡುವಾಗಲೇ. ಮಿದುಳು ಎಲ್ಲ ನೆನಪನ್ನೂ ಹೀಗೇ ಹೊಸದಾಗಿ ಕಟ್ಟುತ್ತದೆ. ಒಂದು ಸದ್ದಿಗೆ ಹೆದರಲು ಕಲಿತಿದ್ದ ಇಲಿಗಳ ಮೇಲೆ ಕರೀಮ್ ನಾದರ್ 2000ದಲ್ಲಿ ನಡೆಸಿದ ಪ್ರಯೋಗದಲ್ಲಿ, ನೆನೆದ ನೆನಪು ಸ್ವಲ್ಪ ಹೊತ್ತು ಸಡಿಲವಾಗುವುದು ಕಂಡಿತು. ಹೊಸ ಪ್ರೋಟೀನ್ ತಯಾರಾದರೆ ಮಾತ್ರ ಅದು ಮತ್ತೆ ಗಟ್ಟಿಯಾಗುತ್ತಿತ್ತು. ಅದನ್ನು ತಡೆದಾಗ ಇಲಿಗಳಿಗೆ ಹಳೆಯ ಭಯ ಬಹಳಷ್ಟು ಮರೆತೇಹೋಯಿತು.

ನಮ್ಮ ಮನೆಗಳಲ್ಲಿ ಪರೀಕ್ಷೆ ಬಂತೆಂದರೆ ಮಕ್ಕಳು ಅದೇ ಪುಟವನ್ನು ಸುಮ್ನೆ ಮತ್ತೆ ಮತ್ತೆ ಓದುತ್ತಾರೆ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಇದನ್ನೇ 2006ರಲ್ಲಿ ಪರೀಕ್ಷಿಸಿದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಮುಂದಿದ್ದರು. ವಾರ ಕಳೆದ ಮೇಲೆ ಅವರಿಗೆ ನೆನಪಿದ್ದದ್ದು ಶೇ. 42. ಒಮ್ಮೆ ಓದಿ, ನೋಡದೆ ನೆನಪಿಸಿಕೊಂಡು ಬರೆದವರಿಗೆ ಶೇ. 56.

ಹಾಗಾಗಿ ಹತ್ತನೇ ತರಗತಿಯ ಮಕ್ಕಳಿದ್ದರೆ ಪುಸ್ತಕ ಮುಚ್ಚಿಸಿ, ಓದಿದ್ದನ್ನು ಅಜ್ಜಿಗೋ ತಂಗಿಗೋ ಹೇಳಲು ಬಿಡಿ. ತಡವರಿಸಿದರೆ ತಕ್ಷಣ ಬಾಯಿ ಹಾಕಬೇಡಿ, ಸ್ವಲ್ಪ ಹೊತ್ತು ಹುಡುಕಲಿ. ಆಮೇಲೆ ಪುಸ್ತಕ ತೆಗೆದು ತಪ್ಪನ್ನು ತಾವೇ ತಿದ್ದಿಕೊಳ್ಳಲಿ. ಎರಡು ದಿನ ಬಿಟ್ಟು ಅದನ್ನೇ ಮತ್ತೆ ಕೇಳಿ. ರಾತ್ರಿ ನಿದ್ದೆಗೆಡಿಸಬೇಡಿ, ಹಗಲು ಕಲಿತದ್ದನ್ನು ಮಿದುಳು ಗಟ್ಟಿ ಮಾಡಿಕೊಳ್ಳುವ ಕೆಲಸ ಜಾಸ್ತಿ ನಡೆಯುವುದು ಆಗಲೇ.